ಯಾವ ರಾಮಪುರ, ಮಗಾ?

ನನಗೆ ಮಾತು ಕಡಿಮೆ. ಬಸ್ಸಲ್ಲಿ ಯಾರೂ ಮಾತಾಡಿಸದಿರಲಿ ಅಂತ ಇಯರ್‌ಫೋನ್ ಸಿಕ್ಕಿಸಿಕೊಂಡು ಕೂರುವವಳು...

ಅವತ್ತು ಶಿಕ್ಷಕರ ನೇಮಕಾತಿ ಪರೀಕ್ಷೆ. ಎರಡು ವರ್ಷ ಓದಿದ್ದು ಆ ಒಂದು ದಿನಕ್ಕೆ. ಹತ್ತಕ್ಕೆ ಗೇಟ್ ಹಾಕಿಬಿಡುತ್ತಾರೆ.

ಪಕ್ಕದಲ್ಲಿ ಒಬ್ಬ ಅಮ್ಮ ಬಂದು ಕೂತರು. ಕೂತಿದ್ದೇ ತಡ, ಶುರು! ಮಂಡಿ ನೋವು, ಕಾವಿಗೆ ಕೂತ ಕೋಳಿ, ಸೊಸೆ ಪುಟ್ಟಗೌರಿಯ ಸೀಮಂತ...

ಕಂಡಕ್ಟರ್ ರೇಗಿಸಿದ. "ಅಮ್ಮೋ, ನಿಮಗೆ ಫ್ರೀ. ನಿಮ್ಮ ಬಾಯಿಗೆ ಮಾತ್ರ ಫುಲ್ ಟಿಕೆಟ್!"

"ಹರ್ಕೊಡಪ್ಪ! ಹಂಗೇ ಅದಕ್ಕೊಂದು ಸೀಟೂ ಕೊಡು!"

ಬಸ್ಸೆಲ್ಲ ನಕ್ಕಿತು. ನಾನು ಕಿಟಕಿ ಕಡೆ ತಿರುಗಿದೆ.

ಅವರು ಮೊಣಕೈ ತಟ್ಟಿದರು. "ಹಾಡು ಕೇಳ್ತಿದೀಯಾ ಮಗಾ? ವೈರಿನ ತುದಿ ಹೊರಗೇ ನೇತಾಡ್ತಿದೆಯಲ್ಲ!"

ನಾಚಿಕೆಯಲ್ಲಿ ಮುದುಡಿಹೋದೆ...

"ಎಲ್ಲಿಗೆ ಹೊರಟೆ?"

"ರಾಮಪುರ... ಕಾಲೇಜಲ್ಲಿ ಪರೀಕ್ಷೆ."

"ಅಯ್ಯೋ! ಕಾಲೇಜಿರೋದು ಕೋಟೆ ರಾಮಪುರದಲ್ಲಿ ಕಣವ್ವ! ಈ ಬಸ್ಸು ಕೆರೆ ರಾಮಪುರಕ್ಕೆ ಹೋಗೋದು. ಅಲ್ಲಿ ಎಮ್ಮೆಗಳಿಗೇನಾದ್ರೂ ಪರೀಕ್ಷೆ ಇಟ್ಟಿದ್ರೆ ಗೊತ್ತಿಲ್ಲ!"

ಒಂಬತ್ತೂ ಕಾಲು. ಅಳು ಬಂದುಬಿಟ್ಟಿತು. ಹತ್ತುವಾಗ ಯಾರನ್ನಾದರೂ ಒಂದು ಮಾತು ಕೇಳಬಹುದಿತ್ತು... ಕೇಳಿರಲಿಲ್ಲ.

"ಹೋಲ್ಡಾನ್!" ಕೂಗಿದ್ದು ಅವರೇ. ನನ್ನ ಕೈ ಹಿಡಿದು ಇಳಿಸಿ, ತಾವೂ ಇಳಿದರು.

ಎದುರು ಬಂದ ಹಾಲಿನ ಟೆಂಪೋಗೆ ಕೈ ಅಡ್ಡ ಹಿಡಿದರು. "ಟೀಚರ್ ಆಗೋ ಮಗು ಕಣಪ್ಪ, ತಪ್ಪು ಬಸ್ಸು ಹತ್ತವಳೆ! ಕೋಟೆ ರಾಮಪುರದ ಕಾಲೇಜಿಗೆ ಬಿಡು. ಅಳಬೇಡ ಮಗಾ, ಹೋಗು..."

ಟೆಂಪೋ ಹೊರಟಾಗ ಹಿಂತಿರುಗಿ ನೋಡಿದೆ. ರಸ್ತೆ ಬದಿಯಲ್ಲಿ ಒಬ್ಬರೇ ನಿಂತು ಮಂಡಿ ನೀವಿಕೊಳ್ಳುತ್ತಿದ್ದರು.

"ಅಮ್ಮನಿಗೆ ಕೆರೆ ರಾಮಪುರದ ಕಡೆಗೆ ಇನ್ನು ಮಧ್ಯಾಹ್ನವೇ ಬಸ್ಸು," ಅಂದ ಡ್ರೈವರ್.

ಹತ್ತಕ್ಕೆ ಎರಡು ನಿಮಿಷ ಇರುವಾಗ ಗೇಟ್ ದಾಟಿದೆ.

ಸಂಜೆ ಡೈರಿ ಬರೆಯಲು ಕೂತೆ. ಮೊದಲ ಸಾಲಲ್ಲೇ ಪೆನ್ನು ನಿಂತಿತು...

ಅವರ ಮಂಡಿ ನೋವು ಗೊತ್ತು. ಕೋಳಿ ಗೊತ್ತು. ಸೊಸೆಯ ಹೆಸರೂ ಗೊತ್ತು.

ಅವರ ಹೆಸರನ್ನು ಮಾತ್ರ ನಾನು ಕೇಳಿರಲೇ ಇಲ್ಲ.

ಅವತ್ತಿನ ಪುಟದಲ್ಲಿ ಅಕ್ಷರಕ್ಕಿಂತ ಕಣ್ಣೀರೇ ಜಾಸ್ತಿ...

ಈಗ ಬಸ್ ಹತ್ತಿದರೆ, ದನಿ ನಡುಗಿದರೂ ಪಕ್ಕದವರನ್ನು ಕೇಳುತ್ತೇನೆ. "ಎಲ್ಲಿಗೆ ಹೊರಟ್ರಿ?"

*ವಾಚಾಳಿ ಅಂತ ನಾವು ನಗುವ ಬಾಯಿಯೇ, ದಾರಿ ತಪ್ಪಿದವರಿಗೆ ಕೈಮರ.*

ಇವತ್ತು ನಿಮ್ಮ ಪಕ್ಕ ಕೂತವರ ಹೆಸರು ಕೇಳಿದಿರಾ?