ಹೆದರಿಕೆ ಇಲ್ಲವೆಂದು ಮುಂದೆ ನಡೆದ ದಿನ

ಅವತ್ತು ಆನೆಯದೇನೂ ತಪ್ಪಿಲ್ಲ, ಧೈರ್ಯದ ವೇಷ ಹಾಕಿಕೊಂಡು ನಾನೇ ಅದರ ಕಾಲಬುಡಕ್ಕೆ ಹೋಗಿದ್ದೆ. ಈಗಲೂ ಸೊಸೆ ಹಲಸಿನ ಹಣ್ಣು ಬಿಡಿಸಿದರೆ ಆ ವಾಸನೆಗೆ ನಾನು ಎದ್ದು ಜಗುಲಿಗೆ ಹೋಗುತ್ತೇನೆ.

ನಮ್ಮ ಕಾಫಿ ಎಸ್ಟೇಟಿಗೆ ಹಣ್ಣಿನ ವಾಸನೆ ಹಿಡಿದು ಆನೆ ಬರಬಾರದೆಂದು ಹಲಸನ್ನು ಕಾಯಿ ಇರುವಾಗಲೇ ಕೊಯ್ದು ಹಾಕುತ್ತಿದ್ದರು. ಆ ವರ್ಷ ನೀರು ಹರಿಯುವ ತೋಡಿನ ಪಕ್ಕದ ಒಂದು ಮರ ಬಿಟ್ಟುಹೋಗಿತ್ತು. ಮಧ್ಯಾಹ್ನ ಊಟ ಮುಗಿಸಿ ಹೆಂಗಸರು ಕೂಲಿಯವರ ಲೈನ್ ಮನೆಯಿಂದ ಕೆಲಸಕ್ಕೆ ಹೊರಟಾಗ, ಆಗಿನ್ನೂ ಚಿಕ್ಕವಳಾಗಿದ್ದ ನಾನೂ ಅವ್ವನ ಜೊತೆ ಹೊರಟೆ.

“ಇವಳು ಎಲೆ ಅಲ್ಲಾಡಿದ್ರೂ ಅವ್ವನ ಸೆರಗಿನೊಳಗೆ ಹೋಗ್ತಾಳೆ,” ಅಂತ ಚಿಕ್ಕಮ್ಮ ಹೇಳಿದಳು. ಎಲ್ಲರೂ ನಕ್ಕರು. ನನಗೆ ರೋಷ ಬಂದು ಎಲ್ಲರಿಗಿಂತ ಮುಂದೆ ನಡೆದೆ.

ತೋಡಿನ ಹತ್ತಿರ ಹಣ್ಣಿನ ವಾಸನೆ ಮೂಗಿಗೆ ಬಡಿಯಿತು. ಕಾಲು ತಾನಾಗಿ ನಿಂತಿತು. ತಿರುಗಿ ನೋಡಿದರೆ ನಗುತ್ತಾರೆಂದು ಮತ್ತೂ ಮುಂದೆ ಹೋದೆ. ಕಾಫಿ ಗಿಡಗಳ ಮೇಲೆ ಮಣ್ಣು ಮೆತ್ತಿದ ಬೆನ್ನು ಕಂಡಿತು. ಸೊಂಡಿಲು ಕೊಂಬೆಯ ಹಣ್ಣನ್ನು ಎಳೆಯುತ್ತಿತ್ತು.

ಅವ್ವ ಹಿಂದಿನಿಂದ ಜಡೆ ಹಿಡಿದು ಎಳೆದಳು. ಉಸಿರು ಬಿಗಿಹಿಡಿದು ಎಲ್ಲರೂ ಲೈನಿಗೆ ವಾಪಸ್ ಬಂದೆವು.

“ವಾಸನೆ ಗೊತ್ತಾಗ್ಲಿಲ್ವಾ ನಿಂಗೆ?” ಅಂತ ಅವ್ವ ಕೇಳಿದಳು.

“ಗೊತ್ತಾಯ್ತು.”

“ಮತ್ತೆ ಯಾಕೆ ನಿಲ್ಲಲಿಲ್ಲ?”

“ನಗ್ತಾರೆ ಅಂತ.”

ಅವ್ವ ನನ್ನ ಕೈ ಹಿಡಿದು ಪಕ್ಕಕ್ಕೆ ಕೂರಿಸಿಕೊಂಡಳು. “ನಗೋರು ನಗಲಿ. ಹೆಣದ ಮುಂದೆ ಕೂತು ಅಳೋಳು ನಾನು,” ಅಂದಳು.

ಮರುದಿನ ಬೆಳಿಗ್ಗೆ ಕೆಲಸಕ್ಕೆ ಹೊರಟಾಗ “ನಂಗೆ ಹೆದರಿಕೆ ಆಗ್ತದೆ” ಅಂತ ಎಲ್ಲರಿಗೂ ಕೇಳುವಂತೆ ಹೇಳಿ, ಚಿಕ್ಕಮ್ಮನ ಕೈಯನ್ನೇ ಗಟ್ಟಿಯಾಗಿ ಹಿಡಿದುಕೊಂಡೆ.