ನನ್ನ ಬಳೆ ಹಸಿರಾದ ದಿನ

ಎಲ್ಲರ ಮುಂಗೈಯಲ್ಲೂ ಸರ್ಕಾರದ ಬಳೆ ಹಸಿರಾಗಿರುತ್ತದೆ. ಒಳಗೆ ಎಲ್ಲಾದರೂ ರಕ್ತನಾಳಕ್ಕೆ ಪೆಟ್ಟಾಗಿ ರಕ್ತ ಹೆಪ್ಪುಗಟ್ಟತೊಡಗಿದರೆ ಕೆಂಪಾಗುತ್ತದೆ. ನನ್ನದು ಮದುವೆಗೆ ಮುಂಚಿನಿಂದಲೂ ಕೆಂಪೇ. ನನ್ನ ಕಾಯಿಲೆಯೇ ಅಂಥದ್ದು, ಸಣ್ಣ ನಾಳಗಳಲ್ಲಿ ರಕ್ತ ಕಾರಣವಿಲ್ಲದೆ ಹೆಪ್ಪುಗಟ್ಟುತ್ತಲೇ ಇರುತ್ತದೆ.

ಅಕ್ಕ ನೀಲವ್ವನ ಮಗಳಿಗೆ ಕುಬುಸ. ಬಸುರಿಗೆ ಆರತಿ ಎತ್ತುತ್ತಿದ್ದಾಗ ಅಕ್ಕ ನನ್ನ ಕೈ ಹಿಡಿದು ಕೂಗಿದಳು: "ಅಯ್ಯ, ನಮ್ಮ ಗಂಗವ್ವನ ಬಳಿ ಹಸರ ಆಗೇತಿ ನೋಡ್ರೇ!"

ಹೆಂಗಸರು ಚಪ್ಪಾಳೆ ತಟ್ಟಿದರು. ಯಾರೋ ಬಾಯಿಗೆ ಸಕ್ಕರೆ ಹಾಕಿದರು.

ನಾನು ಅಕ್ಕನ ಹಿಡಿತದಿಂದ ಕೈ ಬಿಡಿಸಿಕೊಂಡೆ. ಹೆಪ್ಪುಗಟ್ಟುವ ಶಕ್ತಿಯೇ ಖರ್ಚಾಗಿಹೋದ ದಿನ ಬಳೆ ಹಸಿರಾಗುತ್ತದೆ, ಆಮೇಲೆ ಎಲ್ಲಿ ರಕ್ತ ಬಂದರೂ ನಿಲ್ಲುವುದಿಲ್ಲ, ಆಗ ಓಡಿ ಬನ್ನಿ ಎಂದು ಡಾಕ್ಟರು ಹೇಳಿದ್ದರು.

"ಅಕ್ಕಾ, ಇದು ಆರಾಮ ಆಗಿದ್ದಲ್ಲ. ಹುಬ್ಬಳ್ಳಿ ದವಾಖಾನಿಗೆ ಕರ್ಕೊಂಡು ಹೋಗು."

"ಕೆಂಪಿದ್ದಾಗೂ ಅಳ್ತಿದ್ದಿ, ಹಸರಾದ್ರೂ ಅಳ್ತಿ. ಸುಮ್ನ ಹೋಳಿಗಿ ತಿನ್ನು."

ಆಂಬುಲೆನ್ಸಿಗೆ ಫೋನ್ ಮಾಡಿದೆ.

"ಬಳಿ ಯಾವ ಬಣ್ಣ ಐತ್ರೀ?" ಎಂದ ಒಬ್ಬ.

"ಹಸರು. ಆದ್ರ ನನಗ..."

"ಹಸರಿದ್ರ ಗಾಡಿ ಕಳಸೂದಿಲ್ರಿ," ಎಂದು ಇಟ್ಟುಬಿಟ್ಟ.

ಹಲ್ಲು ಕಡಿಯುತ್ತ ಮತ್ತೆ ಮಾಡಿದೆ. ಈ ಸಲ ಹುಡುಗಿಯೊಬ್ಬಳು ಎತ್ತಿಕೊಂಡಳು. "ಕೆಂಪೈತಿ!" ಎಂದು ಕಿರುಚಿದೆ. ಅವಳು ಹೆಸರು ಕೇಳಿ, ದಾಖಲೆ ನೋಡಿ ನಕ್ಕಳು: "ಗಂಗವ್ವಾರ, ನಿಮ್ದು ಯಾವಾಗ್ಲೂ ಕೆಂಪ ಅಲ್ಲೇನ್ರಿ?" ಅವಳೂ ಇಟ್ಟುಬಿಟ್ಟಳು.

ಅಕ್ಕ ತಟ್ಟೆ ತಂದು ಮುಂದಿಟ್ಟಳು. ಸಿಟ್ಟಿಗೆ ಹೋಳಿಗೆಯನ್ನು ಒಮ್ಮೆ ಕಚ್ಚಿ, ಅವಳ ಕೈಗೇ ತುರುಕಿದೆ. ಕಚ್ಚಿದ ಅಂಚಿನಿಂದ ನನ್ನ ಒಸಡಿನ ರಕ್ತ ಅವಳ ಬೆರಳಿಗಿಳಿಯಿತು.

"ಬಳಿ ಬಿಡು," ಎಂದೆ. "ಈಗ ಇದರ ಬಣ್ಣ ನೋಡು."