ಬಂಗುಡೆಯ ಐಸು

ಊದಿದ ಮಂಡಿಗೆ ಈಗ ಫ್ರಿಜ್ಜಿನ ಐಸು ಒತ್ತಿಕೊಳ್ಳುವಾಗಲೂ ನನಗೆ ಬಂಗುಡೆ ಮೀನಿನ ವಾಸನೆ ಬರುತ್ತದೆ. ಇದೂ ಯಾವುದೋ ಕಾಯಿಲೆಯ ಲಕ್ಷಣವಿರಬಹುದೇ ಎಂದು ಹೆದರಿಕೊಳ್ಳುತ್ತೇನೆ.

ನಮ್ಮ ಮಾವ, ಅಂದರೆ ಅಮ್ಮನ ತಮ್ಮ, ಕಬಡ್ಡಿ ಆಡಿಯೇ ಬದುಕುತ್ತಿದ್ದ. ಇವತ್ತು ಬಾರ್ಕೂರಿನ ತಂಡ, ನಾಳೆ ಬೈಂದೂರಿನದು. ಯಾರು ಕರೆದರೆ ಅವರ ಬನಿಯನ್ ತೊಟ್ಟು ಆಡುತ್ತಿದ್ದ. ಪೆಟ್ಟಾಯಿತೆಂದು ಆಟದ ನಡುವೆ ಹೊರಗೆ ಕೂತವನನ್ನು ಮತ್ತೆ ಯಾರೂ ಕರೆಯುತ್ತಿರಲಿಲ್ಲ.

ಆ ಮಧ್ಯಾಹ್ನ ಕೋಟದ ಮೈದಾನದಲ್ಲಿ ಅರ್ಧ ಆಟಕ್ಕೇ ಅವನ ಮಂಡಿ ತೆಂಗಿನಕಾಯಿಯಷ್ಟು ಊದಿತು. ಕಾಲು ಕತ್ತರಿಸುತ್ತಾರೆಂದು ಎಂಟು ವರ್ಷದ ನಾನು ಅಳಲು ತಯಾರಾದೆ. ಮೀನು ಮಾರಿ ನೇರ ಅಲ್ಲಿಗೇ ಬಂದಿದ್ದ ಅಜ್ಜಿ, ಬುಟ್ಟಿಯ ತಳದಲ್ಲಿ ಉಳಿದಿದ್ದ ಐಸನ್ನು ಟವೆಲಿಗೆ ಸುತ್ತಿ ಮಗನ ಮಂಡಿಗೆ ಒತ್ತಿದಳು.

ಮಾವ ಮತ್ತೆ ಅಂಕಣಕ್ಕಿಳಿದ ಕೂಡಲೇ ಎದುರು ತಂಡದವರು ಕೂಗಿದರು: “ಕಾಲ್ ಹೊಳಿತ್ತ್ ಕಾಣಿ, ಎಣ್ಣಿ ಹಚ್ಕಂಡ್ ಬಂದಿದ್ದ. ಹೊರಗ್ ಹಾಕಿ.”

ಎಣ್ಣೆ ಹಚ್ಚಿಕೊಂಡವನು ಕೈಗೆ ಸಿಗದೆ ಜಾರುತ್ತಾನೆಂದು ಆಡಲು ಬಿಡುತ್ತಿರಲಿಲ್ಲ. ಅಂಪೈರು ಮಾವನ ಮಂಡಿ ಸವರಿ, ಬೆರಳು ಮೂಸಿದರು.

“ಎಣ್ಣಿ ಅಲ್ಲ, ಬಂಗ್ಡಿ,” ಅಂದರು.

“ಇವತ್ತಿಂದೇ ಹ್ವಾಯ್, ನಿನ್ನಿದ್ ಅಲ್ಲ,” ಅಂದಳು ಅಜ್ಜಿ.

ಮೈದಾನವೆಲ್ಲ ನಕ್ಕಿತು. ಮಾವ ನಗಲಿಲ್ಲ, ಕುಂಟುತ್ತಲೇ ಒಳನುಗ್ಗಿ, ಇಬ್ಬರನ್ನು ಮುಟ್ಟಿ, ಗೆರೆ ದಾಟಿ ಬಂದ. ಮುಂದಿನ ವಾರದ ಆಟಕ್ಕೆ ಅಲ್ಲೇ ಕರೆ ಬಂತು.

ವಾಪಸು ಬಸ್ಸಿನಲ್ಲಿ ಆ ಒದ್ದೆ ಟವೆಲು ನನ್ನ ಮಡಿಲಲ್ಲಿತ್ತು. ಅಜ್ಜಿ ಮೀನು ಮಾರುವುದನ್ನು ಶಾಲೆಯಲ್ಲಿ ಮುಚ್ಚಿಡುತ್ತಿದ್ದವಳು ನಾನು. ಪಕ್ಕದ ಹೆಂಗಸು ಮೂಗು ಮುಚ್ಚಿಕೊಂಡು, “ಎಂತ ವಾಸ್ನಿ ಹೆಣ್ಣೇ ಇದ್?” ಎಂದು ಕೇಳಿದಾಗ, “ಕಬಡ್ಡಿದ್,” ಅಂದೆ.